ಎಐ ಬೇಡವೆಂದ ಲ್ಯಾಬಿಗೆ ಯಾವ ಎಡಿಟರ್? ಸಂಪಿಗೆ–ತಿಪಟೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ಟಿಪ್ಪಣಿ

ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿ ನಿಟ್ಟೂರು ದಾಟಿ ಅಮ್ಮಸಂದ್ರ ಬರುವ ಮುಂಚೆ ಸಂಪಿಗೆ ರೋಡ್ ನಿಲ್ದಾಣ ಸಿಗುತ್ತದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಮತ್ತು ಅದರ ಸುತ್ತಲ ತೆಂಗಿನ ತೋಟಗಳ ಹಳ್ಳಿಗಳ ಮಕ್ಕಳು ಕಂಪ್ಯೂಟರ್ ಓದಲು ಹೊರಟರೆ ಹತ್ತಿರದಲ್ಲಿರುವುದು ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸರ್ಕಾರಿ ಪಾಲಿಟೆಕ್ನಿಕ್, ತಿಪಟೂರಿನ ಕಲ್ಪತರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಇನ್ನೂ ಮುಂದೆ ಹೋದರೆ ತುಮಕೂರಿನ ಕಾಲೇಜುಗಳು. ಇವರಲ್ಲಿ ಅನೇಕರು ಮೌಸ್ ಹಿಡಿದು ಮೊದಲ ಪ್ರೋಗ್ರಾಂ ಬರೆಯುವುದು ಕಾಲೇಜಿನ ಲ್ಯಾಬಿನಲ್ಲೇ; ಮನೆಯಲ್ಲಿರುವುದು ಫೋನು. ಇಂಥ ವಿದ್ಯಾರ್ಥಿ ಕೂರುವ ಲ್ಯಾಬಿನಲ್ಲಿ ಎಐ ನಿಷಿದ್ಧ ಎಂದಾದರೆ, ಅಲ್ಲಿನ ಯಂತ್ರಗಳಿಗೆ ಯಾವ ಎಡಿಟರ್ ಹಾಕಬೇಕು ಎಂಬುದಷ್ಟೇ ಈ ಟಿಪ್ಪಣಿಯ ಪ್ರಶ್ನೆ. ಯಾವುದೇ ಒಂದು ಕಾಲೇಜಿನ ಸಮೀಕ್ಷೆ ಇದಲ್ಲ.

ನಿಷೇಧ ಹೊಸದೇನೂ ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಯೋಗಿಕ ಪರೀಕ್ಷೆಗೆ ಪಠ್ಯಕ್ರಮವೇ ಸೂಚಿಸುವ ಅಂಕ ಹಂಚಿಕೆಯಲ್ಲಿ ಬರವಣಿಗೆಗೆ ಶೇ 20, ಮಾಡಿ ತೋರಿಸಿ ಫಲಿತಾಂಶ ತೆಗೆಯುವುದಕ್ಕೆ ಶೇ 60, ವೈವಾಗೆ ಶೇ 20. ಆ 60ರ ಭಾಗ ವಿದ್ಯಾರ್ಥಿಯ ಸ್ವಂತ ಕೆಲಸ ಎಂಬ ನಂಬಿಕೆಯ ಮೇಲೆಯೇ ಈ ಲೆಕ್ಕವೆಲ್ಲ ನಿಂತಿದೆ. ಪಕ್ಕದವನ ಪರದೆ ನೋಡಬಾರದು ಎಂಬ ಹಳೆಯ ನಿಯಮಕ್ಕೆ ಈಗ ಪರದೆಯೊಳಗೇ ಕೂತ ಪಕ್ಕದವನು ಸಿಕ್ಕಿದ್ದಾನೆ, ಅಷ್ಟೆ. ಹೊರಗಿನ ಲೋಕದಲ್ಲೂ ಇದೇ ತಲೆಬಿಸಿ. ಪ್ರೋಗ್ರಾಮಿಂಗ್ ಸ್ಪರ್ಧೆಗಳ ತಾಣ ಕೋಡ್‌ಫೋರ್ಸಸ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪರ್ಧೆಯ ವೇಳೆ ಎಐ ಬಳಕೆಗೆ ಕಡಿವಾಣ ಹಾಕಿತು. ಹಾರ್ವರ್ಡ್‌ನ ಸಿಎಸ್50 ತರಗತಿ ಬೇರೆ ದಾರಿ ಹಿಡಿಯಿತು: ವಿಎಸ್ ಕೋಡ್ ಎಡಿಟರನ್ನೇ ಉಳಿಸಿಕೊಂಡು, ಚಾಟ್‌ಜಿಪಿಟಿಯಂಥವನ್ನು ನಿಷೇಧಿಸಿ, ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ತನ್ನದೇ ಸಹಾಯಕವನ್ನು ಕಟ್ಟಿಕೊಂಡಿತು. ಅದಕ್ಕೆ ಬೇಕಾದ ಹಣ, ಜನ, ಸರ್ವರ್ ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಇಲ್ಲ. ಆ ಮಾದರಿಯನ್ನು ಇಲ್ಲಿಗೆ ಎತ್ತಿ ತರುವ ಮಾತು ಬೇಡ.

ನಿಯಮ ಬರೆಯುವವರು ಮೊದಲು ಎಡವುವುದು ‘ಆಟೋಕಂಪ್ಲೀಟ್ ನಿಷಿದ್ಧ’ ಎಂದು ಬರೆದಲ್ಲಿ. ಗೀನಿ ಎಂಬ ಪುಟ್ಟ ಎಡಿಟರಿನಲ್ಲಿ ನಾಲ್ಕು ಅಕ್ಷರ ಒತ್ತಿದರೆ ಸಾಕು, ಆ ಕಡತದಲ್ಲಿ ನೀವೇ ಮೊದಲು ಬರೆದಿದ್ದ ಹೆಸರುಗಳ ಪಟ್ಟಿ ಕೆಳಗೆ ಬೀಳುತ್ತದೆ. ಇದು ಎಐ ಅಲ್ಲ, ನಿಘಂಟು ತಿರುವಿದಂತೆ. ಸಿ ಭಾಷೆಯ ವ್ಯಾಕರಣ ತಿಳಿದು ತಪ್ಪಿಗೆ ಕೆಂಪು ಗೆರೆ ಎಳೆಯುವ ಸಾಧನಗಳೂ ಎಐ ಅಲ್ಲ. 2021ರ ಜೂನ್‌ನಲ್ಲಿ ಪರೀಕ್ಷಾರ್ಥವಾಗಿ ಬಂದು ಮರುವರ್ಷ ಎಲ್ಲರಿಗೂ ತೆರೆದ ಗಿಟ್‌ಹಬ್ ಕೋಪೈಲಟ್ ಬೇರೆಯೇ ಜಾತಿ. ಅದು ವಿದ್ಯಾರ್ಥಿ ಇನ್ನೂ ಯೋಚಿಸದ ಸಾಲನ್ನು ಮಸುಕು ಬೂದು ಅಕ್ಷರಗಳಲ್ಲಿ ಮುಂದಿಟ್ಟು ಟ್ಯಾಬ್ ಕೀಲಿಗಾಗಿ ಕಾಯುತ್ತದೆ. ಹಾಗಾಗಿ ‘ವಿದ್ಯಾರ್ಥಿಯ ಕಡತದಲ್ಲಾಗಲಿ ಭಾಷೆಯ ಗ್ರಂಥಾಲಯದಲ್ಲಾಗಲಿ ಇರುವ ಹೆಸರನ್ನು ತೋರಿಸಬಹುದು, ಇಲ್ಲದ ಸಾಲನ್ನು ಹೊಸೆದು ಕೊಡಕೂಡದು’ ಎಂದು ನಿಯಮ ಬರೆದರೆ ಜಗಳ ಅರ್ಧ ಮುಗಿಯುತ್ತದೆ.

ಎರಡನೆಯ ಎಡವು ಇಂಟರ್ನೆಟ್ ಕೇಬಲ್ಲಿನದು. ಕೇಬಲ್ ಕಿತ್ತರೆ ಎಐ ಹೋಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಕೋಪೈಲಟ್‌ನ ಮಟ್ಟಿಗೆ ಅದು ನಿಜ. ಆದರೆ ಜೆಟ್‌ಬ್ರೇನ್ಸ್ ಕಂಪನಿ 2024ರಲ್ಲಿ ಪೈಚಾರ್ಮ್‌ನ ವೃತ್ತಿಪರ ಆವೃತ್ತಿಯೊಳಗೆ ಇಡೀ ಸಾಲು ತುಂಬಿಸುವ ಸಣ್ಣ ಮಾದರಿಯೊಂದನ್ನು ಇಟ್ಟಿತು. ಅದು ಓಡುವುದು ವಿದ್ಯಾರ್ಥಿಯ ಯಂತ್ರದಲ್ಲೇ, ಇಂಟರ್ನೆಟ್ ಇಲ್ಲದೆ. ಎಡಿಟರುಗಳ ಪೈಕಿ ಪರಮ ಸಾಧು ಎಂದುಕೊಂಡಿದ್ದ ವಿಂಡೋಸ್‌ನ ನೋಟ್‌ಪ್ಯಾಡ್‌ಗೂ ವಿಂಡೋಸ್ 11ರಲ್ಲಿ ಬರಹ ತಿದ್ದಿ ಕೊಡುವ ಎಐ ಸೇರಿಕೊಂಡಿದೆ. ಡೇಟಾ ಸೈನ್ಸ್ ಲ್ಯಾಬುಗಳಲ್ಲಿ ಬಳಸುವ ಗೂಗಲ್ ಕೋಲ್ಯಾಬ್‌ನಲ್ಲಿ ಜೆಮಿನಿ ಇದೆ. ಅದನ್ನು ಮರೆಮಾಡುವ ಸೆಟ್ಟಿಂಗ್ ಕೂಡ ಇದೆ, ಆದರೆ ಕೀಲಿ ವಿದ್ಯಾರ್ಥಿಯ ಸ್ವಂತ ಗೂಗಲ್ ಖಾತೆಯಲ್ಲಿದೆ. ಎಡಿಟರಿನ ಹೆಸರು ನೋಡಿ ತೀರ್ಪು ಕೊಡುವಂತಿಲ್ಲ. ಯಾವ ಆವೃತ್ತಿ, ಯಾರ ಖಾತೆ, ಸೆಟ್ಟಿಂಗ್ ಯಾರ ಕೈಲಿ ಎಂದು ಕೇಳಬೇಕು.

ಎಐ ಇಲ್ಲದ್ದೇ ಬೇಕಾದರೆ ಟರ್ಬೊ ಸಿ++ ಇದೆಯಲ್ಲ ಎಂಬ ವಾದ ಈಗ ಮತ್ತೆ ಕೇಳಿಬರುತ್ತಿದೆ. ಬೋರ್ಲ್ಯಾಂಡ್ ಕಂಪನಿ 1990ರಲ್ಲಿ ಹೊರತಂದ ಆ ನೀಲಿ ಪರದೆಯಲ್ಲಿ ನಮ್ಮ ಪಿಯು, ಡಿಗ್ರಿ ಕಾಲೇಜುಗಳ ಎರಡು ತಲೆಮಾರು ಸಿ ಕಲಿತಿದೆ. 64-ಬಿಟ್ ವಿಂಡೋಸ್ ಅದನ್ನು ನೇರವಾಗಿ ಓಡಿಸದು. ಡಾಸ್‌ಬಾಕ್ಸ್ ಒಳಗಿಟ್ಟು ಇನ್ನೂ ಉಸಿರಾಡಿಸುತ್ತಿದ್ದೇವೆ. ಈ ವಾದವನ್ನು ತೂಗಿ ನೋಡಲು ಈ ಸೀಮೆಯದೇ ಒಂದು ಲೆಕ್ಕ ಸಾಕು.

2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ರೈತನೊಬ್ಬನ ಬಳಿ 43 ಕೆ.ಜಿ. ಕೊಬ್ಬರಿ ಇದೆ, ಎಷ್ಟು ಹಣ ಬರಬೇಕು? ಉತ್ತರ 5,160 ರೂಪಾಯಿ. ಮೊದಲ ಸೆಮಿಸ್ಟರಿನ ಹುಡುಗಿ ತೂಕವನ್ನೂ ದರವನ್ನೂ ಪೂರ್ಣಾಂಕವಾಗಿ ಘೋಷಿಸಿ, ಕೆ.ಜಿ.ಯನ್ನು ಕ್ವಿಂಟಲ್ ಮಾಡೋಣವೆಂದು ತೂಕ ÷ 100 × ದರ ಎಂದು ಬರೆಯುತ್ತಾಳೆ. ಕಾಗದದ ಮೇಲೆ ಸರಿ. ಸಿ ಭಾಷೆಯಲ್ಲಿ 43 ÷ 100 ಪೂರ್ಣಾಂಕ ಭಾಗಾಕಾರದಲ್ಲಿ ಸೊನ್ನೆ. ರೈತನಿಗೆ ಸೊನ್ನೆ ರೂಪಾಯಿ. ಜಿಸಿಸಿ ಕಂಪೈಲರಿಗೆ ಸಾಮಾನ್ಯ ಎಚ್ಚರಿಕೆಗಳನ್ನೆಲ್ಲ ತೋರಿಸು ಎಂದರೂ ಅದು ಇಲ್ಲಿ ತುಟಿ ಬಿಚ್ಚುವುದಿಲ್ಲ, ಏಕೆಂದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಹುಡುಗಿ ಸೊನ್ನೆಯನ್ನು ಕಂಡು, ಗಾಬರಿಯಾಗಿ, ಗುಣಾಕಾರ ಮೊದಲು ಬರಬೇಕೆಂದು ಕಂಡುಕೊಂಡು ತೂಕ × ದರ ÷ 100 ಎಂದು ತಿದ್ದುತ್ತಾಳೆ. ಈಗ ಜಿಸಿಸಿಯಲ್ಲಿ 5,160 ಸರಿಯಾಗಿ ಬರುತ್ತದೆ.

ಅದೇ ತಿದ್ದಿದ ಪ್ರೋಗ್ರಾಂ ಟರ್ಬೊ ಸಿ++ನಲ್ಲಿ ಕೊಡುವ ಉತ್ತರ −82. ಅಲ್ಲಿ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ, 32,767ಕ್ಕಿಂತ ಮೇಲೆ ಹಿಡಿಸದು. 43 × 12,000 ಅಂದರೆ 5,16,000. ಅದು ಉಕ್ಕಿ ಸುತ್ತು ಹೊಡೆದು −8,288 ಆಗುತ್ತದೆ, ನೂರರಿಂದ ಭಾಗಿಸಿದರೆ −82. ಕೊಬ್ಬರಿ ಕೊಟ್ಟ ರೈತನೇ ಮಂಡಿಗೆ 82 ರೂಪಾಯಿ ಬಾಕಿ! ಸರಿಯಾಗಿ ಯೋಚಿಸಿದವಳಿಗೆ ತಪ್ಪು ಉತ್ತರ ಕೊಡುವ ಸಾಧನ ಎಐ ಇಲ್ಲದ್ದು ಎಂಬ ಒಂದೇ ಗುಣಕ್ಕೆ ಲ್ಯಾಬಿನಲ್ಲಿ ಇರತಕ್ಕದ್ದಲ್ಲ. (ಅದರ ಡಿಬಗ್ಗರ್ ಮಾತ್ರ ಚೆನ್ನಾಗಿತ್ತು, ಎಫ್7 ಒತ್ತುತ್ತ ಒಂದೊಂದೇ ಸಾಲು ನಡೆಸಿ ಚರಾಂಶಗಳ ಬೆಲೆ ನೋಡಬಹುದಿತ್ತು. ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು.)

ಕೋಪೈಲಟ್ ಇದ್ದಿದ್ದರೆ? ಕೊಬ್ಬರಿ ತೂಕಕ್ಕೆ ಕ್ವಿಂಟಲ್ ದರದಲ್ಲಿ ಹಣ ಎಂದು ಟಿಪ್ಪಣಿಯ ಸಾಲು ಬರೆದ ಕೂಡಲೇ ದಶಮಾಂಶ ಸಂಖ್ಯೆ ಬಳಸಿದ ಸರಿಯಾದ ಸೂತ್ರ ಬೂದು ಬಣ್ಣದಲ್ಲಿ ಬಂದು ನಿಲ್ಲುವ ಸಂಭವವೇ ಹೆಚ್ಚು. ಸೊನ್ನೆಯೂ ಕಾಣದು, −82ಕ್ಕೂ ದಾರಿ ಇಲ್ಲ. ಮೊದಲ ವರ್ಷದ ಲ್ಯಾಬಿನಲ್ಲಿ ಎಐ ನಿಷೇಧವನ್ನು ನಾನು ಬೆಂಬಲಿಸುವುದು ನಕಲಿನ ಭಯದಿಂದಲ್ಲ, ಆ ಸೊನ್ನೆ ಕಣ್ಣಿಗೆ ಬೀಳಲಿ ಎಂದು. ಎಡಿಟರನ್ನು ಆರಿಸುವ ಅಳತೆಗೋಲೂ ಅದೇ: ಉತ್ತರ ಕೊಡಬಾರದು, ತಪ್ಪನ್ನು ಮುಚ್ಚಿಡಲೂಬಾರದು.

ಈ ಅಳತೆಗೆ ಪೈಥಾನ್ ಕಲಿಯುವವರ ಮಟ್ಟಿಗೆ ಥಾನಿಯಷ್ಟು ಒಗ್ಗುವುದು ಇನ್ನೊಂದಿಲ್ಲ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು ಪೈಥಾನನ್ನು ತನ್ನೊಳಗೇ ಹೊತ್ತು ಬರುತ್ತದೆ, ಬೇರೆ ಅಳವಡಿಕೆಯ ಗೋಳಿಲ್ಲ. ಮೇಲಿನ ಲೆಕ್ಕವನ್ನೇ ಪೂರ್ಣಾಂಕ ಭಾಗಾಕಾರದ ಜೋಡಿ ಗೆರೆ ಹಾಕಿ ಬರೆದು, ಡಿಬಗ್ಗರಿನಲ್ಲಿ ಒಳಹೊಕ್ಕು ನಡೆಸಿದರೆ, ತೂಕದ ಜಾಗದಲ್ಲಿ 43 ಕೂರುತ್ತದೆ, ಮರುಕ್ಷಣ ಭಾಗಾಕಾರವಿದ್ದ ಜಾಗ 0 ಆಗುತ್ತದೆ, ಆಮೇಲೆ ಇಡೀ ಸೂತ್ರವೇ 0. ಕರಿಹಲಗೆಯ ಮೇಲೆ ಮೇಷ್ಟರು ಒಂದೊಂದೇ ಪದ ಅಳಿಸಿ ಬೆಲೆ ಬರೆದಂತೆ ಕಣ್ಣೆದುರಿಗೇ ನಡೆಯುತ್ತದೆ. ಪೈಥಾನ್ ಜೊತೆಗೇ ಬರುವ ಐಡಲ್ ಕೂಡ ನಡೆಯುತ್ತದೆ, ಆದರೆ ಈ ತೋರಿಕೆ ಅದರಲ್ಲಿಲ್ಲ.

ಸಿ ಭಾಷೆಗೆ ನನ್ನ ಆಯ್ಕೆ ಉಬುಂಟು ಯಂತ್ರದಲ್ಲಿ ಗೀನಿ ಮತ್ತು ಜಿಸಿಸಿ. 2005ರಿಂದ ಇರುವ ಹಗುರ ಎಡಿಟರ್, ಹಳೆಯ ಯಂತ್ರದಲ್ಲೂ ತಡವರಿಸದೆ ತೆರೆದುಕೊಳ್ಳುತ್ತದೆ. ಎಐ ಅದರೊಳಗಿಲ್ಲ, ಖಾತೆ ತೆರೆಯೆಂದು ಕೇಳುವುದಿಲ್ಲ. ಕೊರತೆಯೆಂದರೆ ಡಿಬಗ್ಗರ್ ಪ್ಲಗಿನ್ ಆಗಿ ಬರಬೇಕು. ಅದು ತೊಡಕೆನಿಸಿದರೆ, ಅಥವಾ ವಿಂಡೋಸ್ ಬಿಡುವಂತಿಲ್ಲದಿದ್ದರೆ, ಕೋಡ್::ಬ್ಲಾಕ್ಸ್ ಇರಲಿ. ಅದರಲ್ಲಿ ಸಾಲು ಸಾಲಾಗಿ ನಡೆಸಿ ಬೆಲೆ ನೋಡುವ ಕಿಟಕಿ ಇದೆ.

ವಿಎಸ್ ಕೋಡ್ ವಿಷಯ ಕೊಂಚ ಸಿಕ್ಕು. 2024ರ ಡಿಸೆಂಬರ್‌ನಿಂದ ಅದರಲ್ಲಿ ಕೋಪೈಲಟ್ ಉಚಿತವಾಗಿಯೂ ಸಿಗುತ್ತಿದೆ. ಗೊಣಗಾಟ ಹೆಚ್ಚಿದ ಮೇಲೆ 2025ರಲ್ಲಿ ಎಐ ಸೌಲಭ್ಯಗಳನ್ನೆಲ್ಲ ಒಟ್ಟಿಗೆ ಆಫ್ ಮಾಡುವ ಸೆಟ್ಟಿಂಗ್ ಬಂತು. ಆದರೆ ಒಬ್ಬ ಆಫ್ ಮಾಡಿದ್ದನ್ನು ಇನ್ನೊಬ್ಬ ಆನ್ ಮಾಡಬಲ್ಲ. ಎಲ್ಲ ಬ್ಯಾಚಿಗೂ ಒಂದೇ ಲಾಗಿನ್ ಇರುವ ಲ್ಯಾಬಿನಲ್ಲಿ ಬೆಳಗಿನ ಬ್ಯಾಚಿನವನ ಗಿಟ್‌ಹಬ್ ಖಾತೆ ಮಧ್ಯಾಹ್ನದವಳಿಗೆ ತೆರೆದೇ ಸಿಗುವುದೂ ಉಂಟು. ವಿಎಸ್ ಕೋಡನ್ನೇ ಇಡಬೇಕೆಂದಿದ್ದರೆ ಯಾವ ಎಕ್ಸ್‌ಟೆನ್ಶನ್ ಹಾಕಬಹುದು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ಮಟ್ಟದ ಪಾಲಿಸಿಯಲ್ಲೇ ಕಟ್ಟಬೇಕು; ಅದು ಲ್ಯಾಬ್ ಇನ್‌ಸ್ಟ್ರಕ್ಟರ್ ಕೂತು ಮಾಡುವ ಕೆಲಸ, ವಿದ್ಯಾರ್ಥಿಗೆ ಎಚ್ಚರಿಕೆ ಹೇಳಿ ಮುಗಿಯುವಂಥದ್ದಲ್ಲ. ತಮಾಷೆಯೆಂದರೆ ವಿಂಡೋಸ್ 7ರಲ್ಲೇ ಉಳಿದ ಲ್ಯಾಬುಗಳಿಗೆ ಸಿಗುವ ಕೊನೆಯ ವಿಎಸ್ ಕೋಡ್ 2022ರ 1.70 ಆವೃತ್ತಿ, ಉಚಿತ ಕೋಪೈಲಟ್‌ಗಿಂತ ಹಳೆಯದು. ಹಾಗೆಂದು ಯಾರೂ ವಿಂಡೋಸ್ 7 ಕಾಪಾಡಿಕೊಳ್ಳಬೇಕಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿನ ಹೊತ್ತಿಗೆ ವಿಎಸ್ ಕೋಡ್ ಬರಲಿ, ಕೋಪೈಲಟ್ ಸಮೇತವೇ ಬರಲಿ. ಕೆಲಸಕ್ಕೆ ಸೇರಿದ ಕಡೆ ಅದೇ ಇರುತ್ತದೆ.

ಎಡಿಟರ್ ಆಯ್ಕೆಯಲ್ಲಿ ಕನ್ನಡದ ಪ್ರಶ್ನೆಯೂ ಇದೆ. ತೂಕ, ದರ ಎಂದೇ ಚರಾಂಶಕ್ಕೆ ಹೆಸರಿಡಲು ಪೈಥಾನ್ 3 ಬಿಡುತ್ತದೆ, ಮತ್ತು ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವಾರಗಳಲ್ಲಿ ಇದು ದೊಡ್ಡ ಆಸರೆ. ಗೀನಿ ಕನ್ನಡವನ್ನು ಅಂದವಾಗಿ ತೋರಿಸುತ್ತದೆ. ಥಾನಿ, ಐಡಲ್‌ಗಳು ವಿಂಡೋಸ್‌ನಲ್ಲಿ ಸರಿ. ಲಿನಕ್ಸ್‌ನಲ್ಲಿ ಅವು ಕೂತಿರುವ ಟಿಕೆ ಎಂಬ ಹಳೆಯ ತಳಹದಿ ಒತ್ತಕ್ಷರಗಳನ್ನು ಬಿಡಿಬಿಡಿಯಾಗಿ ಒಡೆದು ಹಾಕುತ್ತದೆ. ಕನ್ನಡದಲ್ಲಿ ಟಿಪ್ಪಣಿ ಬರೆಸುವ ಅಧ್ಯಾಪಕರು ಥಾನಿಯನ್ನು ವಿಂಡೋಸ್ ಯಂತ್ರಗಳಲ್ಲಿ ಇಡುವುದು ಲೇಸು. ಕಲಿಕೆಗೆ ಜೊತೆಯಾಗಿ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ; ಅದರ ಸಿ ಪಾಠಗಳು ಜಿಎಡಿಟ್‌ನಲ್ಲಿ ಬರೆದು ಟರ್ಮಿನಲ್‌ನಲ್ಲಿ ಜಿಸಿಸಿ ಓಡಿಸುವ ಕ್ರಮದವು, ಆದ್ದರಿಂದ ಗೀನಿ ಲ್ಯಾಬಿಗೆ ಹಾಗೆಯೇ ಹೊಂದುತ್ತವೆ.

ಸಂಜೆ ರೈಲಿನಲ್ಲಿ ವಾಪಸಾಗುವ ವಿದ್ಯಾರ್ಥಿಯ ಫೋನಿನಲ್ಲಿ ಚಾಟ್‌ಜಿಪಿಟಿ ಇದ್ದೇ ಇರುತ್ತದೆ, ಅದನ್ನು ಯಾವ ಎಡಿಟರೂ ತಡೆಯದು. ಹೀಗಾಗಿ ರೆಕಾರ್ಡ್ ಪುಸ್ತಕದಲ್ಲಿ ಬರೆದು ತಂದ ಪ್ರೋಗ್ರಾಮಿಗೆ ಕೊಡುವ ಅಂಕವನ್ನು ತಗ್ಗಿಸಿ ವೈವಾದ ಪ್ರಶ್ನೆಗಳನ್ನು ಬಿಗಿ ಮಾಡುವುದು ಮೇಲು. ಕೊಬ್ಬರಿ ಲೆಕ್ಕವನ್ನೇ ಮುಂದಿಟ್ಟು ಕೇಳಬಹುದು: ಒಬ್ಬ ರೈತನ ಬದಲು ತಿಪಟೂರು ಎಪಿಎಂಸಿಗೆ ಬಂದ ಮಾಲನ್ನೆಲ್ಲ ಕೂಡಿಸಿ ತೂಕ ಕೊಟ್ಟರೆ ನಿನ್ನ ಪ್ರೋಗ್ರಾಂ ಎಲ್ಲಿಯವರೆಗೆ ತಡೆಯುತ್ತದೆ? 32-ಬಿಟ್ ಪೂರ್ಣಾಂಕದ ಗರಿಷ್ಠ 2,14,74,83,647. 12,000 ದರಕ್ಕೆ 1,78,956 ಕೆ.ಜಿ.ವರೆಗೆ ಲೆಕ್ಕ ಸರಿ, ಇನ್ನೊಂದು ಕೆ.ಜಿ. ಸೇರಿದರೆ ಜಿಸಿಸಿಯಲ್ಲೂ ಉತ್ತರ ಸಾಮಾನ್ಯವಾಗಿ ಋಣ ಸಂಖ್ಯೆಗೆ ಜಾರುತ್ತದೆ. ಉತ್ತರ ಹೇಳಲು ಪೆನ್ನು, ಹಾಳೆ ಕೊಟ್ಟರೆ ಸಾಕು.