ನಲ್ಲಿ ನೀರಿಗೊಂದು ಪರೀಕ್ಷೆ, ಬೋರ್‌ವೆಲ್ ನೀರಿಗೊಂದು: ಶೆಟ್ಟಿಹಳ್ಳಿಯ ಸಂದರ್ಭದಲ್ಲಿ ಒಂದು ಟಿಪ್ಪಣಿ

ತುಮಕೂರು ನಗರದ ಶೆಟ್ಟಿಹಳ್ಳಿಯಂಥ ಬಡಾವಣೆಯಲ್ಲಿ ನೀರಿನ ಮೂಲ ಎರಡು. ನಲ್ಲಿಗೆ ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಕ್ಲೋರಿನ್ ಬೆರೆಸಿಕೊಂಡ ಹೇಮಾವತಿ ನೀರು. ಅದು ಬಾರದ ದಿನ ಬೋರ್‌ವೆಲ್ಲೇ ಗತಿ. ಸ್ಥಳದಲ್ಲೇ ತ್ವರಿತ ಪರೀಕ್ಷೆ ಎಂದೊಡನೆ ಎರಡನ್ನೂ ಒಂದೇ ಯಂತ್ರಕ್ಕೆ ಒಡ್ಡುವುದು ಸರಿಯಲ್ಲ.

ಬೋರ್‌ವೆಲ್‌ನ ಮಾತು ಬೇಗ ಮುಗಿಯುತ್ತದೆ. ಈ ಜಿಲ್ಲೆಯ ಅಂತರ್ಜಲದ ಹಳೆಯ ಪೀಡೆ ಫ್ಲೋರೈಡ್. ಪಾವಗಡದ ಕಡೆ ಇನ್ನೂ ಹೆಚ್ಚು. ಕುಡಿಯುವ ನೀರಿನ ಐಎಸ್ 10500 ಮಾನಕದಂತೆ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಲ್ಲುತ್ತದೆ. ಫ್ಲೋರೈಡ್ ಆವಿಯಾಗಿ ಹೋಗುವಂಥದ್ದಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದರೂ ಅಳತೆ ಕೆಡದು. (ಆರ್‌ಒ ಮಾರಲು ಮನೆಗೆ ಬರುವವರ ಟಿಡಿಎಸ್ ಮೀಟರಿಗೆ ಫ್ಲೋರೈಡನ್ನು ಬೇರೆಯಾಗಿ ಗುರುತಿಸಲು ಬಾರದು.)

ನಲ್ಲಿ ನೀರಿನ ಪಾಡೇ ಬೇರೆ. ಕೆರೆಯ ಪಾಚಿ, ಕೊಳೆತ ಎಲೆಗಳಿಂದ ನೀರಿಗಿಳಿದ ಸಾವಯವ ಅಂಶಗಳೊಡನೆ ಕ್ಲೋರಿನ್ ವರ್ತಿಸಿದರೆ ಕ್ಲೋರೋಫಾರ್ಮ್‌ನಂಥ ಟ್ರೈಹ್ಯಾಲೋಮೀಥೇನ್‌ಗಳು ಹುಟ್ಟುತ್ತವೆ. ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿದರೆ ಅವು ನೀರು ಬಿಟ್ಟು ಅಲ್ಲಿಗೆ ಏರುತ್ತವೆ. ಕ್ಲೋರಿನ್ ಉಳಿದಿದ್ದರೆ ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಅದಕ್ಕೇ ಮಾದರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಅಂಚಿನವರೆಗೆ ತುಂಬುವ ಕಟ್ಟುನಿಟ್ಟು. ನಲ್ಲಿಯ ಬಳಿಯೇ ಅಳೆಯುವುದಕ್ಕೆ ನಿಜವಾದ ಕಾರಣ ಇದು.

ಇಲ್ಲಿ ಒದಗುವುದು ಪೊರೆ ಅಳವಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್. ದ್ಯುತಿಸಂಶ್ಲೇಷಣೆಯ ಅನಿಲಗಳನ್ನು ಅಳೆಯಲು 1963ರಲ್ಲಿ ಹಾಕ್ ಮತ್ತು ಕಾಕ್ ವಿವರಿಸಿದ ವಿಧಾನದ ಮುಂದುವರಿಕೆ ಇದು. ನೀರು ತೆಳು ಸಿಲಿಕೋನ್ ಪೊರೆಯ ಒಂದು ಬದಿ ಹರಿಯುತ್ತದೆ, ಮತ್ತೊಂದು ಬದಿ ನಿರ್ವಾತ. ಕ್ಲೋರೋಫಾರ್ಮ್ ಪೊರೆಯಲ್ಲಿ ಕರಗಿ ದಾಟುತ್ತದೆ; ಫ್ಲೋರೈಡ್ ಅಯಾನು ದಾಟದು. ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ದ್ರವ್ಯರಾಶಿ 83ರಲ್ಲಿ ಒಂದು ಗೆರೆ, 85ರಲ್ಲಿ ಅದರ ಮೂರನೇ ಎರಡರಷ್ಟು ಎತ್ತರದ ಇನ್ನೊಂದು ಗೆರೆ ಏಳುತ್ತದೆ. ಎರಡು ಕ್ಲೋರಿನ್ ಪರಮಾಣುಗಳ ಗುರುತು ಅದು.

ಆದರೆ ಬ್ರೋಮೋಡೈಕ್ಲೋರೋಮೀಥೇನ್ ಎಂಬ ಇನ್ನೊಂದು ಟ್ರೈಹ್ಯಾಲೋಮೀಥೇನ್ ಕೂಡ ಇದೇ 83, 85ನ್ನು ಕೊಡುತ್ತದೆ. ಮಾನಕದಲ್ಲಿ ಕ್ಲೋರೋಫಾರ್ಮ್‌ಗೆ ಮಿತಿ ಲೀಟರಿಗೆ 0.2 ಮಿ.ಗ್ರಾಂ, ಇದಕ್ಕೆ 0.06 ಮಾತ್ರ. ಗೆರೆ ಒಂದೇ, ಮಿತಿ ಬೇರೆ ಬೇರೆ. ಹಾಗಾಗಿ ಸ್ಥಳದ ಅಂಕಿಯನ್ನು ಎಚ್ಚರಿಕೆಯೆಂದು ಓದಬೇಕೇ ಹೊರತು ತೀರ್ಪೆಂದಲ್ಲ. ತೀರ್ಪು ಎರಡನ್ನೂ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮೆಟೋಗ್ರಾಫಿಯದು.

ಶೆಟ್ಟಿಹಳ್ಳಿಯ ನಲ್ಲಿಗೆ ಈ ಯಂತ್ರ ತಕ್ಕದ್ದು. ಬೋರ್‌ವೆಲ್ಲಿಗೆ ಫ್ಲೋರೈಡ್ ಎಲೆಕ್ಟ್ರೋಡ್ ಇದ್ದರೆ ಆಯಿತು, ಖರ್ಚೂ ಕಡಿಮೆ.