ಮಂಗಳೂರಿನ ಆಡಳಿತಕ್ಕಿದ್ದ ದ್ವೀಪ ಎಷ್ಟು ದೂರ?

ಹಾಗಲವಾಡಿ ಕಡೆ ತೆಂಗಿನ ತೋಟದಲ್ಲಿ ನಿಂತು, "ಲಕ್ಷದ್ವೀಪ ಎಷ್ಟು ದೂರ ಯಜಮಾನ್ರೇ?" ಅಂತ ಕೇಳಿ ನೋಡಿ. "ಅದೆಲ್ಲೋ ಸಮುದ್ರದ ಮಧ್ಯೆ ಇರೋದಲ್ವಾ ಸ್ವಾಮಿ" ಅಂತಾರೆ. ನಾವೂ ನೀವೂ ಹೇಳೋದು ಅದನ್ನೇ.

ಈಗ ಲೆಕ್ಕ ಹಾಕೋಣ. ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ಲಕ್ಷದ್ವೀಪದ ಅಗತ್ತಿಗೆ? ಸುಮಾರು 660. ಅರ್ಧ ದೂರವೂ ಇಲ್ಲ! 2024ರಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು.

ಆದರೆ ನಮಗೂ ಆ ದ್ವೀಪಗಳಿಗೂ ನಂಟು ಬೆಳೆದದ್ದು ವಿಮಾನದಿಂದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಈ ಐದೂ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಡಳಿತದಿಂದ ಬೇಸತ್ತ ಜನ 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆ ಹೋದರು. ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಈಸ್ಟ್ ಇಂಡಿಯಾ ಕಂಪನಿ ಬಂತು. ಆಮೇಲೂ ಇವುಗಳ ಆಡಳಿತ ನಡೆದದ್ದು ಮಂಗಳೂರಿನಿಂದಲೇ. 1956ರ ನವೆಂಬರ್ 1ರಂದು ಇಲ್ಲಿ ಕನ್ನಡನಾಡು ಒಂದಾಯಿತು, ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು.

ಅಷ್ಟು ಕಾಲ ಅಮಿನಿಯ ಜನ ತೆಂಗಿನ ನಾರಿನ ಹುರಿ ಹೊಸೆದು ಹಾಯಿದೋಣಿಯಲ್ಲಿ ಮಂಗಳೂರಿಗೆ ತರುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ನೇರ ಗೆರೆ ಎಳೆದರೆ ಮಂಗಳೂರಿನಿಂದ ಅಮಿನಿ ಸುಮಾರು 300 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರೂ ಅಷ್ಟೇ!

ಹಾಗಾದರೆ ದೂರ ಇರೋದೆಲ್ಲಿ? ಇಡೀ ಲಕ್ಷದ್ವೀಪಕ್ಕೆ ಇರೋದು ಒಂದೇ ವಿಮಾನ ನಿಲ್ದಾಣ, 1988ರಲ್ಲಿ ಶುರುವಾದ ಅಗತ್ತಿಯದು. ರನ್‌ವೇ ಸುಮಾರು 1,200 ಮೀಟರ್, ಸಣ್ಣ ವಿಮಾನಗಳಿಗಷ್ಟೇ ಸಾಕು. ಅಗತ್ತಿಯಿಂದ ಅಮಿನಿಗೆ ಮಧ್ಯೆ ಸುಮಾರು 70 ಕಿಲೋಮೀಟರ್ ಕಡಲು. ಪ್ರವಾಸಿಗೆ ಅದು ಮೋಜಿನ ಪಯಣ. ಮಳೆಗಾಲದ ರಾತ್ರಿ ಅಮಿನಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ಕಷ್ಟವಾದರೆ? ಆ 70 ಕಿಲೋಮೀಟರ್ ಮುಂದೆ ನಮ್ಮ 660 ಏನೂ ಅಲ್ಲ. ಅಲ್ಲಿ ಜೀವ ಉಳಿಸೋದು ಹೆಲಿಕಾಪ್ಟರ್.

ಆ ಹೆಲಿಕಾಪ್ಟರ್ ಅಂದ ಕೂಡಲೇ ಮತ್ತೆ ನಮ್ಮ ಹಾಗಲವಾಡಿ ಸೀಮೆಗೇ ಬರಬೇಕು. ಅದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಅಲ್ಲಿ ತಯಾರಾಗೋ ಹೆಲಿಕಾಪ್ಟರ್ ಸೈನಿಕರಿಗೆ ಬೇಕು, ನಿಜ. ಕಡಲ ಮಧ್ಯೆ ಆಸ್ಪತ್ರೆಯ ದಾರಿ ಕಾಯೋರಿಗೆ ಬೇಡವೇ?

ದ್ವೀಪದ ದೂರ ಅಳೆಯೋಕೆ ಟಿಕೆಟ್ ನೋಡಬೇಡಿ. ಅಲ್ಲಿನ ರೋಗಿ ಎಷ್ಟು ಗಂಟೆ ಕಾಯಬೇಕು ಅನ್ನೋದನ್ನ ಕೇಳಿ. ಒಂದು ಕಾಲಕ್ಕೆ ನಮ್ಮದೇ ಜಿಲ್ಲೆಯ ಜನ ಅವರು.