ಪೇಟೆಂಟ್ ಅಂದರೇನು? ಸೈಕಲ್‌ನಿಂದ ಸಾಫ್ಟ್‌ವೇರ್‌ವರೆಗೆ: ಗಲ್ಫ್ ಕನ್ನಡಿಗರಿಗೊಂದು ಮಾಹಿತಿ

ಗಲ್ಫ್‌ನ ವರ್ಕ್‌ಶಾಪ್, ಸೈಟ್, ಗ್ಯಾರೇಜ್‌ಗಳಲ್ಲಿ ದುಡಿಯುವ ನಮ್ಮವರು ದಿನಾ ಏನಾದರೊಂದು ಉಪಾಯ ಹುಡುಕುತ್ತಲೇ ಇರುತ್ತಾರೆ. ಪೈಪ್ ಅಲುಗಾಡದಂತೆ ಹಿಡಿಯಲು ವೆಲ್ಡರ್ ತನ್ನದೇ ಒಂದು ಕ್ಲ್ಯಾಂಪ್ ಮಾಡಿಕೊಂಡಿರುತ್ತಾನೆ. ಎಸಿಯ ನೀರು ಕಟ್ಟಿಕೊಳ್ಳದಂತೆ ಟೆಕ್ನಿಶಿಯನ್ ಏನೋ ಒಂದು ಜೋಡಣೆ ಮಾಡಿರುತ್ತಾನೆ. ಇಂಥವನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಹಾಕಿದರೆ ಸಾವಿರಾರು ಲೈಕ್ ಬರುತ್ತೆ. ಆದರೆ ಅದೇ ವಿಡಿಯೊದಿಂದ ನಿಮ್ಮ ಹಕ್ಕೇ ಹೋಗಬಹುದು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಪೇಟೆಂಟ್ ಎಂದರೇನು, ಅದು ಯಾರಿಗೆ ಸಿಗುತ್ತದೆ, ಯಾರ ಕೈತಪ್ಪುತ್ತದೆ ಎಂಬುದನ್ನು ಕೆಲವು ನಿಜವಾದ ಉದಾಹರಣೆಗಳ ಜೊತೆ ಇಲ್ಲಿ ಕೊಟ್ಟಿದ್ದೇವೆ.

ಪೇಟೆಂಟ್ ಎಂದರೆ ಒಂದು ಒಪ್ಪಂದ

ಪೇಟೆಂಟ್ ಎಂದರೆ ಆವಿಷ್ಕಾರ ಮಾಡಿದವರಿಗೂ ಸರಕಾರಕ್ಕೂ ನಡುವಿನ ಕೊಡುಕೊಳ್ಳುವಿಕೆ. ನಿಮ್ಮ ಆವಿಷ್ಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು, ಅದೇ ಕಸುಬಿನ ಇನ್ನೊಬ್ಬರು ಓದಿ ಮಾಡುವಷ್ಟು ವಿವರವಾಗಿ ನೀವು ಬರೆದು ಕೊಡಬೇಕು. ಬದಲಿಗೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು.

ಇದಕ್ಕೆ ಮೂರು ಪರೀಕ್ಷೆಗಳಿವೆ. ಒಂದು, ಅದು ಹೊಸದಾಗಿರಬೇಕು. ಜಗತ್ತಿನಲ್ಲಿ ಎಲ್ಲೂ ಮೊದಲೇ ಪ್ರಕಟವಾಗಿರಬಾರದು. ಎರಡು, ಆ ಕಸುಬು ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಮೂರು, ಉದ್ಯಮದಲ್ಲಿ ಬಳಕೆಗೆ ಬರುವಂತಿರಬೇಕು. ಬರೀ ಐಡಿಯಾಗೆ ಪೇಟೆಂಟ್ ಸಿಗೋದಿಲ್ಲ.

ಪೇಟೆಂಟ್ ಬೇರೆ, ಟ್ರೇಡ್‌ಮಾರ್ಕ್ ಬೇರೆ, ಕಾಪಿರೈಟ್ ಬೇರೆ. ಹೋಟೆಲಿನ ಹೆಸರು, ಲೋಗೊ ಟ್ರೇಡ್‌ಮಾರ್ಕ್‌ಗೆ ಬರುತ್ತದೆ. ಹಾಡು, ಪುಸ್ತಕ, ಬರೆದ ಪ್ರೋಗ್ರಾಂ ಕಾಪಿರೈಟ್‌ಗೆ ಬರುತ್ತದೆ. ಯಂತ್ರ, ಔಷಧ, ತಯಾರಿಕೆಯ ವಿಧಾನಗಳಿಗೆ ಪೇಟೆಂಟ್.

"ವರ್ಲ್ಡ್ ಪೇಟೆಂಟ್" ಅನ್ನೋದು ಇಲ್ಲವೇ ಇಲ್ಲ. ಭಾರತದ ಪೇಟೆಂಟ್ ಭಾರತದಲ್ಲಿ ಮಾತ್ರ ನಡೆಯುತ್ತದೆ. ದುಬೈಯಲ್ಲಿ ರಕ್ಷಣೆ ಬೇಕಾದರೆ ಯುಎಇಯಲ್ಲೇ ಪಡೆಯಬೇಕು.

ಇಂಜಿನಿಯರಿಂಗ್: ಸರ್ ಎಂ.ವಿ. ಗೇಟ್‌ಗಳು ಮತ್ತು ಕಾರಿನ ಬೆಲ್ಟ್

ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದಿದ್ದರು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಬಾಂಬೆ ಪ್ರಾಂತ್ಯದ ಸರಕಾರಿ ಇಂಜಿನಿಯರ್ ಆಗಿದ್ದಾಗ ಅವರು ಸ್ವಯಂಚಾಲಿತ ಪ್ರವಾಹ ಗೇಟ್‌ಗಳನ್ನು ರೂಪಿಸಿದರು. ಜಲಾಶಯದ ನೀರು ಗೊತ್ತುಪಡಿಸಿದ ಮಟ್ಟ ಮೀರಿದಾಗ ಗೇಟ್ ತಾನೇ ತೆರೆದುಕೊಳ್ಳುತ್ತದೆ, ನೀರು ಇಳಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರು ಹಿಡಿಯಲು ಇದರಿಂದ ಸಾಧ್ಯವಾಯಿತು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಅಳವಡಿಸಿದ ಈ ವ್ಯವಸ್ಥೆ ಮುಂದೆ ಕೃಷ್ಣರಾಜಸಾಗರಕ್ಕೂ ಬಂತು. ನೀರು ಪೂರೈಕೆ ಮತ್ತು ಒಳಚರಂಡಿ ಕೆಲಸಕ್ಕೆ ಅವರು ಅರಬ್ ನೆಲದ ಏಡನ್‌ಗೂ ಹೋಗಿ ಬಂದಿದ್ದರು.

ಇನ್ನೊಂದು ಉದಾಹರಣೆ ನಮ್ಮ ಡ್ರೈವರ್‌ಗಳು ದಿನಾ ಹಾಕಿಕೊಳ್ಳುವ ಸೀಟ್ ಬೆಲ್ಟ್. ಹೆಗಲು, ಸೊಂಟ ಎರಡನ್ನೂ ಹಿಡಿದಿಡುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ರೂಪಿಸಿದವರು ವೋಲ್ವೊ ಕಂಪನಿಯ ಇಂಜಿನಿಯರ್ ನೀಲ್ಸ್ ಬೋಲಿನ್. ಕಂಪನಿ ಪೇಟೆಂಟ್ ಪಡೆಯಿತು, ಆದರೆ ಬೇರೆ ಕಾರು ತಯಾರಕರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಪೇಟೆಂಟ್ ಇದೆ ಎಂದ ಮಾತ್ರಕ್ಕೆ ದುಡ್ಡು ಕೇಳಲೇಬೇಕು ಎಂದಿಲ್ಲ. ಕೇಳಬೇಕೋ ಬಿಡಬೇಕೋ ಎಂಬ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ, ಅಷ್ಟೇ.

ಸೈಕಲ್: ವಲಸೆ ಬಂದ ಕಾರ್ಮಿಕನ ಪೆಡಲ್

ಸೈಕಲ್ ಕಥೆಯಲ್ಲಿ ನಮ್ಮಂಥವರಿಗೆ ಪಾಠ ಜಾಸ್ತಿ ಇದೆ. ಪಿಯರ್ ಲಾಲ್‌ಮಾಂ ಎಂಬ ಫ್ರೆಂಚ್ ಯುವಕ ಮಕ್ಕಳ ತಳ್ಳುಗಾಡಿ ಮಾಡುವ ಕೆಲಸಗಾರ. ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಎರಡು ಚಕ್ರದ ಗಾಡಿಯನ್ನು ನೋಡಿದ ಆತ, ಮುಂದಿನ ಚಕ್ರಕ್ಕೆ ಪೆಡಲ್ ಜೋಡಿಸಿದ. 1865ರಲ್ಲಿ ಕೆಲಸ ಹುಡುಕಿಕೊಂಡು ಅಮೆರಿಕಕ್ಕೆ ಹೋದ. 1866ರ ನವೆಂಬರ್ 20ರಂದು, ಬಂಡವಾಳ ಹಾಕಿದ ಜೇಮ್ಸ್ ಕ್ಯಾರಲ್ ಜೊತೆ ಸೇರಿ ಪೆಡಲ್ ಸೈಕಲ್‌ಗೆ ಅಮೆರಿಕದ ಮೊದಲ ಪೇಟೆಂಟ್ ಪಡೆದ. ನಂಬರ್ 59,915.

ಪೇಟೆಂಟ್ ಸಿಕ್ಕಿತು, ತಯಾರಿಸುವವರು ಸಿಗಲಿಲ್ಲ. ಹಕ್ಕು ಮಾರಿ ಕೈತೊಳೆದುಕೊಂಡ. ಆ ಪೇಟೆಂಟ್ ಕೈಯಿಂದ ಕೈಗೆ ಹೋಗಿ ಕೊನೆಗೆ ದೊಡ್ಡ ಸೈಕಲ್ ಉದ್ಯಮಿ ಆಲ್ಬರ್ಟ್ ಪೋಪ್ ಬಳಿ ಸೇರಿತು. ಲಾಲ್‌ಮಾಂ ಅದೇ ಪೋಪ್‌ನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ. 1891ರಲ್ಲಿ ಬಾಸ್ಟನ್‌ನಲ್ಲಿ ಯಾರಿಗೂ ಗೊತ್ತಿಲ್ಲದವನಂತೆ ತೀರಿಹೋದ. ಪೇಟೆಂಟ್ ಕಾಗದ ದುಡ್ಡು ತರುವುದಿಲ್ಲ. ವಸ್ತುವನ್ನು ತಯಾರಿಸಿ ಮಾರುವ ದಾರಿಯನ್ನೂ, ಹಕ್ಕನ್ನು ಎಷ್ಟಕ್ಕೆ, ಯಾವ ಷರತ್ತಿಗೆ ಕೊಡುತ್ತೇವೆ ಎಂಬುದನ್ನೂ ಮೊದಲೇ ಯೋಚಿಸಬೇಕು.

ಸೈಕಲ್ ಟಯರ್‌ನ ಕಥೆ ಬೇರೆ. ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್‌ಗೆ ಗಾಳಿ ತುಂಬಿದ ರಬ್ಬರ್ ಟಯರ್ ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಪೇಟೆಂಟ್ ಬಿದ್ದುಹೋಯಿತು. ಯಾಕೆಂದರೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವ 1845ರಲ್ಲೇ ಗಾಳಿ ಟಯರ್‌ಗೆ ಪೇಟೆಂಟ್ ಮಾಡಿದ್ದ. ಅದು ಕುದುರೆ ಗಾಡಿಯ ಕಾಲ, ಯಾರೂ ಬಳಸದೆ ಮರೆತಿದ್ದರು. ಜನ ಮರೆತರೂ ದಾಖಲೆ ಮರೆಯುವುದಿಲ್ಲ. ಹಾಗಾಗಿ ಅರ್ಜಿಗೆ ಮೊದಲು ಹುಡುಕಾಟ ಕಡ್ಡಾಯ. ಗೂಗಲ್ ಪೇಟೆಂಟ್ಸ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಪೇಟೆಂಟ್‌ಸ್ಕೋಪ್, ಭಾರತದ ಪೇಟೆಂಟ್ ಕಚೇರಿಯ ಹುಡುಕಾಟ ಪುಟ, ಮೂರೂ ಉಚಿತ.

ಔಷಧ: ಹಕ್ಕು ಮತ್ತು ಜೀವದ ನಡುವೆ

ಪೇಟೆಂಟ್ ಇರುವಷ್ಟು ಕಾಲ ಒಬ್ಬನೇ ಮಾರಾಟಗಾರ, ಅವನು ಹೇಳಿದ್ದೇ ಬೆಲೆ. ಔಷಧದಲ್ಲಿ ಇದು ಜೀವದ ಪ್ರಶ್ನೆ.

ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರಲ್ಲಿ ತಮ್ಮ ಪೇಟೆಂಟ್ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರ್‌ಗೆ ಬಿಟ್ಟುಕೊಟ್ಟರು. ಪೇಟೆಂಟ್ ಮಾಡದೇ ಬಿಟ್ಟಿದ್ದರೆ ಬೇರೆ ಯಾರೋ ಮಾಡಿಸಿಕೊಂಡು ಬಾಗಿಲು ಹಾಕಬಹುದಿತ್ತು. ಅದನ್ನು ತಪ್ಪಿಸುವುದೇ ಉದ್ದೇಶ.

ಭಾರತ 1970ರ ಕಾಯ್ದೆಯಲ್ಲಿ ಔಷಧ ಪದಾರ್ಥಕ್ಕೆ ಪೇಟೆಂಟ್ ಕೊಡುವುದನ್ನೇ ನಿಲ್ಲಿಸಿತ್ತು, ತಯಾರಿಸುವ ವಿಧಾನಕ್ಕೆ ಮಾತ್ರ ಸಿಗುತ್ತಿತ್ತು. ಊರಲ್ಲಿ ಮಾತ್ರೆ ಅಗ್ಗವಾಗಿದ್ದಕ್ಕೆ ಇದು ದೊಡ್ಡ ಕಾರಣ. 2005ರಲ್ಲಿ ಡಬ್ಲ್ಯೂಟಿಓ ಒಪ್ಪಂದದಂತೆ ಔಷಧಕ್ಕೂ ಪೇಟೆಂಟ್ ಬಂತು, ಆದರೆ ಎರಡು ರಕ್ಷಣೆಗಳನ್ನು ಉಳಿಸಿಕೊಳ್ಳಲಾಯಿತು.

ಒಂದು ಸೆಕ್ಷನ್ 3(ಡಿ). ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟ ಮಾತ್ರಕ್ಕೆ ಹೊಸ ಪೇಟೆಂಟ್ ಇಲ್ಲ, ಗುಣಪಡಿಸುವ ಶಕ್ತಿ ಹೆಚ್ಚಿದೆ ಎಂದು ತೋರಿಸಬೇಕು. ರಕ್ತ ಕ್ಯಾನ್ಸರ್‌ನ ಗ್ಲಿವೆಕ್ ಔಷಧದ ಬಗ್ಗೆ ನೊವಾರ್ಟಿಸ್ ಕಂಪನಿ ಹಾಕಿದ್ದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಇದೇ ಸೆಕ್ಷನ್ ಮೇಲೆ ತಳ್ಳಿಹಾಕಿತು.

ಎರಡನೆಯದು ಕಡ್ಡಾಯ ಲೈಸೆನ್ಸ್. ಜನರ ಕೈಗೆಟುಕದ ಬೆಲೆ ಇದ್ದರೆ ಸರಕಾರ ಬೇರೆಯವರಿಗೆ ತಯಾರಿಸಲು ಅನುಮತಿ ಕೊಡಬಹುದು. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ನೆಕ್ಸಾವರ್ ತಯಾರಿಸಲು ಹೈದರಾಬಾದ್‌ನ ನ್ಯಾಟ್ಕೊಗೆ ಅನುಮತಿ ಸಿಕ್ಕಿತು. ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇದ್ದ ಔಷಧವನ್ನು ನ್ಯಾಟ್ಕೊ 8,880 ರೂಪಾಯಿಗೆ ಕೊಡಬೇಕಾಯಿತು. ಬೇಯರ್‌ಗೆ ರಾಯಲ್ಟಿಯೂ ಸಲ್ಲಬೇಕಿತ್ತು.

ಸಾಫ್ಟ್‌ವೇರ್: ಮೊದಲು ಹೇಳಿ ಕೆಟ್ಟ ಕಥೆ

ನೆಟ್ ಬ್ಯಾಂಕಿಂಗ್‌ನಲ್ಲಿ ನಮ್ಮ ಮಾಹಿತಿಯನ್ನು ಗುಟ್ಟಾಗಿಡಲು ಬಳಕೆಗೆ ಬಂದ ವಿಧಾನಗಳಲ್ಲಿ ಆರ್‌ಎಸ್‌ಎ ಮುಖ್ಯವಾದದ್ದು. ಅಮೆರಿಕದ ಎಂಐಟಿಯಲ್ಲಿದ್ದ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದನ್ನು ರೂಪಿಸಿದರು. 1977ರ ಆಗಸ್ಟ್‌ನಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಇದರ ವಿವರ ಬಂತು. ಪೇಟೆಂಟ್ ಅರ್ಜಿ ಹಾಕಿದ್ದು ಡಿಸೆಂಬರ್‌ನಲ್ಲಿ. ಪ್ರಕಟವಾದ ಮೇಲೂ ಒಂದು ವರ್ಷ ಸಮಯ ಕೊಡುವ ನಿಯಮ ಅಮೆರಿಕದಲ್ಲಿದ್ದ ಕಾರಣ ಅಲ್ಲಿ 1983ರಲ್ಲಿ ಪೇಟೆಂಟ್ ಸಿಕ್ಕಿತು. ಆ ವಿನಾಯಿತಿ ಇಲ್ಲದ ದೇಶಗಳಲ್ಲಿ ಬಾಗಿಲು ಆಗಲೇ ಮುಚ್ಚಿತ್ತು. ನಾಲ್ಕು ತಿಂಗಳ ಅಂತರಕ್ಕೆ ಇಷ್ಟು ಬೆಲೆ.

ಭಾರತದಲ್ಲಿ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂ, ಗಣಿತದ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಂ, ಇವಕ್ಕೆ ಪೇಟೆಂಟ್ ಇಲ್ಲ. ಪ್ರೋಗ್ರಾಂನಿಂದ ಯಾವುದಾದರೂ ತಾಂತ್ರಿಕ ಪರಿಣಾಮ ಉಂಟಾಗುವಂತಿದ್ದರೆ ಮಾತ್ರ ವಾದ ಮಾಡಲು ಜಾಗವಿದೆ. ಡೆಲಿವರಿ ಆಪ್ ಮಾಡುವ ಐಡಿಯಾ ಇರುವ ಹುಡುಗರು ಇದನ್ನು ಗಮನಿಸಬೇಕು. ನಿಮ್ಮ ಕೋಡ್‌ಗೆ ಕಾಪಿರೈಟ್, ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುತ್ತದೆ.

ಡ್ಯೂಟಿಯಲ್ಲಿ ಹುಟ್ಟಿದ ಐಡಿಯಾ ಯಾರದು?

ಯುಎಇ, ಸೌದಿ ಕಾನೂನುಗಳ ಸಾಮಾನ್ಯ ನಿಯಮ ಹೀಗಿದೆ: ಕಾಂಟ್ರಾಕ್ಟ್‌ನ ಕೆಲಸದ ಭಾಗವಾಗಿ ಮಾಡಿದ ಆವಿಷ್ಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕಂಪನಿಗೆ ಸೇರುತ್ತದೆ. ಕಂಪನಿಯ ಉಪಕರಣ, ಮಾಹಿತಿ, ಸೌಲಭ್ಯ ಬಳಸಿ ಮಾಡಿದ್ದರೂ ಕಂಪನಿ ಹಕ್ಕು ಕೇಳಬಹುದು. ಕೆಲಸ ಬಿಟ್ಟ ಮೇಲೆ ಹಾಕಿದರಾಯ್ತು ಅಂದುಕೊಳ್ಳಬೇಡಿ. ಸೌದಿ ಕಾನೂನಿನಲ್ಲಿ ಕೆಲಸ ಬಿಟ್ಟ ಎರಡು ವರ್ಷದೊಳಗೆ ಹಾಕಿದ ಅರ್ಜಿಯನ್ನು ಕೆಲಸದಲ್ಲಿದ್ದಾಗಲೇ ಹಾಕಿದಂತೆ ನೋಡುತ್ತಾರೆ.

ಹಕ್ಕು ಕಂಪನಿಗೆ ಹೋದರೂ ಆವಿಷ್ಕಾರ ಮಾಡಿದವರ ಹೆಸರು ಪೇಟೆಂಟ್‌ನಲ್ಲಿ ಇರಬೇಕು. ಇದು ಪ್ಯಾರಿಸ್ ಒಪ್ಪಂದ ಕೊಟ್ಟ ಹಕ್ಕು. ನಾಳೆ ಬೇರೆ ಕೆಲಸ ಹುಡುಕುವಾಗ ಆ ಹೆಸರಿಗೆ ಬೆಲೆ ಇದೆ. ಹಾಗಾಗಿ ಕಾಂಟ್ರಾಕ್ಟ್‌ನಲ್ಲಿ ಆವಿಷ್ಕಾರ, ಬೌದ್ಧಿಕ ಆಸ್ತಿ ಎಂಬ ಮಾತು ಎಲ್ಲಿದೆ ಎಂದು ಓದಿ. ರಜೆಯಲ್ಲಿ, ನಿಮ್ಮ ಸ್ವಂತ ದುಡ್ಡಲ್ಲಿ, ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ಮಾಡಿದ್ದರೆ ತಾರೀಕು ಹಾಕಿ ಬರೆದಿಡಿ, ಬಿಲ್ ಇಟ್ಟುಕೊಳ್ಳಿ.

ಭಾರತದಲ್ಲಿ ಅರ್ಜಿ ಹೇಗೆ?

ಪೇಟೆಂಟ್ ಕಚೇರಿಗಳು ಕೋಲ್ಕತ್ತ, ದೆಹಲಿ, ಮುಂಬಯಿ, ಚೆನ್ನೈಗಳಲ್ಲಿವೆ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಆನ್‌ಲೈನ್‌ನಲ್ಲೇ ಹಾಕಬಹುದು.

* ಪೂರ್ತಿ ತಯಾರಿಲ್ಲದಿದ್ದರೆ ಮೊದಲು ಪ್ರೊವಿಷನಲ್ ಅರ್ಜಿ ಹಾಕಿ ತಾರೀಕು ಹಿಡಿದುಕೊಳ್ಳಿ. ಪೂರ್ಣ ವಿವರ 12 ತಿಂಗಳೊಳಗೆ ಕೊಡಬೇಕು.
* ವ್ಯಕ್ತಿಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಶುಲ್ಕ 4,000 ರೂಪಾಯಿ. ಪುಟಗಳು ಹೆಚ್ಚಾದರೆ ಶುಲ್ಕವೂ ಹೆಚ್ಚು. ಏಜೆಂಟ್ ಫೀಸ್ ಬೇರೆ.
* ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪರೀಕ್ಷೆ ಮಾಡಿ ಎಂದು ನೀವೇ ಬೇರೆ ಅರ್ಜಿ ಕೊಡಬೇಕು. 2024ರ ತಿದ್ದುಪಡಿಯ ನಂತರ ಇದಕ್ಕೆ ಗಡುವು 31 ತಿಂಗಳು.
* ಅರ್ಜಿದಾರರು ವ್ಯಕ್ತಿಗಳೇ ಆಗಿದ್ದು, ಅವರಲ್ಲಿ ಒಬ್ಬರಾದರೂ ಮಹಿಳೆ ಇದ್ದರೆ ತ್ವರಿತ ಪರೀಕ್ಷೆ ಕೇಳಬಹುದು.
* ಪೇಟೆಂಟ್ ಸಿಕ್ಕ ಮೇಲೆ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ಕಟ್ಟದಿದ್ದರೆ ಪೇಟೆಂಟ್ ಬಿದ್ದುಹೋಗುತ್ತದೆ.

ಊರಲ್ಲಿರುವ ತಮ್ಮನೋ ಗೆಳೆಯನೋ ಜೊತೆ ಸೇರಿ ಮಾಡಿದ್ದರೆ ಒಂದು ಎಚ್ಚರಿಕೆ: ಸೆಕ್ಷನ್ 39ರ ಪ್ರಕಾರ ಭಾರತದಲ್ಲಿ ವಾಸ ಇರುವವರು ಹೊರದೇಶದಲ್ಲಿ ಅರ್ಜಿ ಹಾಕುವ ಮೊದಲು ಪೇಟೆಂಟ್ ಕಚೇರಿಯ ಅನುಮತಿ ಪಡೆಯಬೇಕು, ಇಲ್ಲವೇ ಭಾರತದಲ್ಲಿ ಹಾಕಿ ಆರು ವಾರ ಕಾಯಬೇಕು.

ಗಲ್ಫ್ ದೇಶಗಳಲ್ಲಿ

ಮೊದಲು ರಿಯಾದ್‌ನ ಜಿಸಿಸಿ ಪೇಟೆಂಟ್ ಕಚೇರಿಯಲ್ಲಿ ಒಂದೇ ಅರ್ಜಿಯಿಂದ ಆರೂ ದೇಶಗಳಿಗೆ ಪೇಟೆಂಟ್ ಸಿಗುತ್ತಿತ್ತು. 2021ರ ಜನವರಿಯಲ್ಲಿ ಆ ಹೊಸ ಅರ್ಜಿಗಳು ನಿಂತವು. ಈಗ ದೇಶದೇಶಕ್ಕೂ ಬೇರೆ ಪೇಟೆಂಟ್ ಬೇಕು. ಯುಎಇಯಲ್ಲಿ ಸಣ್ಣ ಸುಧಾರಣೆಗಳಿಗೆ ಯುಟಿಲಿಟಿ ಸರ್ಟಿಫಿಕೇಟ್ ಎಂಬುದೂ ಇದೆ, ಅವಧಿ 10 ವರ್ಷ. ಭಾರತದಲ್ಲಿ ಈ ವ್ಯವಸ್ಥೆ ಇಲ್ಲ.

ಭಾರತ ಮತ್ತು ಆರೂ ಜಿಸಿಸಿ ದೇಶಗಳು ಪಿಸಿಟಿ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿವೆ. ಒಂದು ದೇಶದಲ್ಲಿ ಮೊದಲು ಹಾಕಿ, 12 ತಿಂಗಳೊಳಗೆ ಪಿಸಿಟಿ ಅರ್ಜಿ ಹಾಕಿದರೆ, ಬೇರೆ ದೇಶಗಳನ್ನು ಆರಿಸಲು ಮೊದಲ ಅರ್ಜಿಯಿಂದ ಸುಮಾರು ಎರಡೂವರೆ ವರ್ಷ ಸಮಯ ಸಿಗುತ್ತದೆ. ಅಷ್ಟರಲ್ಲಿ ಮಾರುಕಟ್ಟೆ ಇದೆಯೋ ಇಲ್ಲವೋ ನೋಡಿಕೊಳ್ಳಬಹುದು.

ಮೋಸದ ಬಗ್ಗೆ

ಅರ್ಜಿ ಪ್ರಕಟವಾದ ಕೂಡಲೇ ನಿಮ್ಮ ಹೆಸರು, ವಿಳಾಸ ಎಲ್ಲರಿಗೂ ಕಾಣುತ್ತದೆ. ಆಗ "ನೋಂದಣಿ ಶುಲ್ಕ ಕಟ್ಟಿ" ಎಂದು ಸರಕಾರಿ ಮುದ್ರೆಯಂಥ ಬಿಲ್‌ಗಳು ಬರುತ್ತವೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯೇ ಇಂಥ ಸುಳ್ಳು ಬಿಲ್‌ಗಳ ಬಗ್ಗೆ ಎಚ್ಚರಿಸಿದೆ. ನಿಮ್ಮ ಏಜೆಂಟ್ ಅಥವಾ ಕಚೇರಿಯ ಅಧಿಕೃತ ಪುಟ ಬಿಟ್ಟು ಬೇರೆಲ್ಲೂ ದುಡ್ಡು ಕಟ್ಟಬೇಡಿ. "ಇಡೀ ಜಗತ್ತಿಗೆ ಪೇಟೆಂಟ್ ಮಾಡಿಸಿಕೊಡ್ತೀವಿ" ಅನ್ನುವವರಿಂದ ದೂರ ಇರಿ. ಪೇಟೆಂಟ್ ಇಲ್ಲದ ವಸ್ತುವಿಗೆ ಪೇಟೆಂಟ್ ಇದೆ ಎಂದು ಬರೆದು ಮಾರುವುದು ಭಾರತದಲ್ಲಿ ದಂಡಕ್ಕೆ ಗುರಿಯಾಗುವ ತಪ್ಪು.

ಕೈಯಲ್ಲಿ ಹೊಸದೇನಾದರೂ ಇದೆ ಅನ್ನಿಸಿದರೆ ಕ್ರಮ ಇಷ್ಟೇ: ಹುಡುಕಿ ನೋಡಿ, ಕಾಂಟ್ರಾಕ್ಟ್ ಓದಿ, ನೋಂದಾಯಿತ ಪೇಟೆಂಟ್ ಏಜೆಂಟ್ ಬಳಿ ಮಾತಾಡಿ, ಅರ್ಜಿ ಹಾಕಿ. ವಿಡಿಯೊ ಹಾಕೋದು ಅದಾದ ಮೇಲೆ. ಶುಲ್ಕ ಮತ್ತು ಗಡುವುಗಳು ಬದಲಾಗುತ್ತಿರುತ್ತವೆ, ದುಡ್ಡು ಕಟ್ಟುವ ಮುನ್ನ ಆಯಾ ದೇಶದ ಕಚೇರಿಯ ಪುಟದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ.